ಗುರಿ ತೆಪ್ಪ, ಮನುಷ್ಯರಲ್ಲ: ಯು-852 ಕಮಾಂಡರ್‌ನ ವಾದ 80 ವರ್ಷದ ಮೇಲೆ ಮತ್ತೆ ಯಾಕೆ ಕೇಳಿಬರುತ್ತಿದೆ?

2025ರ ಸೆಪ್ಟೆಂಬರ್ 2ರಂದು ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕದ ಸೇನೆ ಒಂದು ಸ್ಪೀಡ್ ಬೋಟ್ ಮೇಲೆ ದಾಳಿ ಮಾಡಿತು. ಅದು ಡ್ರಗ್ಸ್ ಸಾಗಿಸುತ್ತಿತ್ತು, 11 ಜನ ಸತ್ತರು ಅಂತ ಅಧ್ಯಕ್ಷ ಟ್ರಂಪ್ ಅವರೇ ಪ್ರಕಟಿಸಿದರು. ಸುದ್ದಿ ಕೆಲವು ದಿನ ಓಡಿ ತಣ್ಣಗಾಯಿತು. ನವೆಂಬರ್ ಕೊನೆಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಉಳಿದರ್ಧ ಕಥೆಯನ್ನು ಹೊರಗೆ ಹಾಕಿತು. ಮೊದಲ ಹೊಡೆತಕ್ಕೆ ಎಲ್ಲರೂ ಸತ್ತಿರಲಿಲ್ಲ. ಇಬ್ಬರು ಒಡೆದ ದೋಣಿಯನ್ನು ಹಿಡಿದುಕೊಂಡು ನೀರಿನಲ್ಲಿ ಬದುಕಿದ್ದರು. ಆಮೇಲೆ ಮತ್ತೆ ಹೊಡೆದರು. ಆ ಇಬ್ಬರೂ ಸತ್ತರು.

ಅಲ್ಲಿಂದ ಶುರುವಾದ ಚರ್ಚೆಯಲ್ಲಿ ಒಂದು ಅಪರಿಚಿತ ಹೆಸರು ಮತ್ತೆ ಮತ್ತೆ ಬಂತು. ಹೈನ್ಸ್-ವಿಲ್ಹೆಲ್ಮ್ ಎಕ್. ಹಿಟ್ಲರ್ ಕಾಲದ ಜರ್ಮನ್ ಸಬ್‌ಮರೀನ್ ಕಮಾಂಡರ್. 1945ರಲ್ಲೇ ಗುಂಡೇಟಿಗೆ ಸತ್ತವನು. ಡ್ರಗ್ಸ್ ದೋಣಿಗೂ ಇವನಿಗೂ ಎತ್ತಣಿಂದೆತ್ತ ಸಂಬಂಧ ಅಂತ ಓದುಗರಿಗೆ ಗೊಂದಲ ಆಗೋದು ಸಹಜ. ಸಂಬಂಧ ಇರುವುದು ಅವನು ಕೋರ್ಟಿನಲ್ಲಿ ಹೇಳಿದ ಸಮರ್ಥನೆಯಲ್ಲಿ. ವಾಷಿಂಗ್ಟನ್‌ನಲ್ಲಿ ಈಗ ಕೇಳಿಬರುತ್ತಿರುವ ಸಮರ್ಥನೆ ಹೆಚ್ಚುಕಮ್ಮಿ ಅದೇ. ಹಾಗಾಗಿ ಎಕ್‌ನ ಕಥೆ ಗೊತ್ತಾಗದೆ ಇವತ್ತಿನ ಜಗಳ ಪೂರ್ತಿ ಅರ್ಥವಾಗುವುದಿಲ್ಲ.

ಮೊದಲ ಯಾತ್ರೆಗೇ ದೂರದ ಸಮುದ್ರ

ಎಕ್ ಹುಟ್ಟಿದ್ದು 1916ರಲ್ಲಿ, ಹ್ಯಾಂಬರ್ಗ್‌ನಲ್ಲಿ. 1934ರಲ್ಲಿ ನೌಕಾಪಡೆ ಸೇರಿದ. ಯುದ್ಧದ ಮೊದಲ ವರ್ಷಗಳನ್ನು ಕಳೆದದ್ದು ಸಬ್‌ಮರೀನ್‌ನಲ್ಲಿ ಅಲ್ಲ, ಸಮುದ್ರದಲ್ಲಿ ಹುದುಗಿಸಿಟ್ಟ ಬಾಂಬುಗಳನ್ನು ತೆಗೆಯುವ ಸಣ್ಣ ಹಡಗುಗಳಲ್ಲಿ. ಸಬ್‌ಮರೀನ್ ವಿಭಾಗಕ್ಕೆ ಬಂದದ್ದು 1942ರಲ್ಲಿ. 1943ರ ಜೂನ್‌ನಲ್ಲಿ ಯು-852 ಎಂಬ ಹೊಸ ಸಬ್‌ಮರೀನ್ ಅವನ ಕೈಗೆ ಬಂತು.

ಇಲ್ಲಿ ಕಾಲ ಮುಖ್ಯ. 1940ರಲ್ಲಿ ಜರ್ಮನ್ ಸಬ್‌ಮರೀನ್ ಕಮಾಂಡರ್ ಅಂದರೆ ಬೇಟೆಗಾರ, ಊರಿಗೇ ಹೀರೊ. 1943ರ ಮಧ್ಯದ ಹೊತ್ತಿಗೆ ಅವನೇ ಬೇಟೆ. ಮಿತ್ರ ರಾಷ್ಟ್ರಗಳಿಗೆ ಒಳ್ಳೆಯ ರಾಡಾರ್ ಬಂದಿತ್ತು. ದೂರ ಹಾರುವ ವಿಮಾನಗಳಿದ್ದವು. ಜರ್ಮನರ ಗುಪ್ತ ಸಂದೇಶಗಳನ್ನು ಬ್ರಿಟಿಷರು ಓದುತ್ತಿದ್ದರು. ಹೊರಟ ಸಬ್‌ಮರೀನ್‌ಗಳಲ್ಲಿ ಎಷ್ಟೋ ವಾಪಸ್ ಬರುತ್ತಲೇ ಇರಲಿಲ್ಲ.

ಯು-852 ದೊಡ್ಡ ಮಾದರಿಯದು. ಉದ್ದ ಸುಮಾರು 87 ಮೀಟರ್. ನಡುವೆ ಎಲ್ಲೂ ಬಂದರಿಗೆ ಹೋಗದೆ ಹಿಂದೂ ಮಹಾಸಾಗರದವರೆಗೆ ಹೋಗಲು ಬೇಕಾದಷ್ಟು ಇಂಧನ ಅದರಲ್ಲಿ ಹಿಡಿಯುತ್ತಿತ್ತು. ಮಲಯಾದ ಪಿನಾಂಗ್ ಆಗ ಜಪಾನ್ ಕೈಯಲ್ಲಿತ್ತು. ಅಲ್ಲಿ ಜರ್ಮನರಿಗೂ ಒಂದು ನೆಲೆ ಇತ್ತು. ಈ ಕಡೆಗೆ ಬರುವ ಸಬ್‌ಮರೀನ್‌ಗಳಿಗೆ ಅವರು ಇಟ್ಟ ಹೆಸರು 'ಮಾನ್ಸೂನ್' ಗುಂಪು. ಆದರೆ ದೊಡ್ಡ ಸಬ್‌ಮರೀನ್‌ಗೆ ಒಂದು ದೊಡ್ಡ ದೋಷ. ನೀರೊಳಗೆ ಮುಳುಗುವುದು ನಿಧಾನ. ವಿಮಾನ ಕಂಡ ಮೇಲೆ ಮುಳುಗಿ ತಪ್ಪಿಸಿಕೊಳ್ಳೋಣ ಅಂದರೆ ಅಷ್ಟರಲ್ಲಿ ಬಾಂಬ್ ಬಿದ್ದಿರುತ್ತದೆ. ಇದೇ ಮಾದರಿಯ ಹಲವು ಸಬ್‌ಮರೀನ್‌ಗಳು ಸ್ವಲ್ಪ ತಿಂಗಳ ಹಿಂದಷ್ಟೇ ಅಟ್ಲಾಂಟಿಕ್‌ನಲ್ಲಿ ನಾಶವಾಗಿದ್ದವು.

ಹೊರಡುವ ಮುಂಚೆ ಎಕ್‌ಗೆ ಇದನ್ನು ಬಿಡಿಸಿ ಹೇಳಿದವನು ಅಡಾಲ್ಬರ್ಟ್ ಶ್ನೇ. ಅನುಭವಿ ಕಮಾಂಡರ್, ಆಗ ಸಬ್‌ಮರೀನ್ ಕೇಂದ್ರ ಕಚೇರಿಯಲ್ಲಿದ್ದ. ಹಡಗು ಮುಳುಗಿಸಿದ ಮೇಲೆ ನೀರಿನ ಮೇಲೆ ತೇಲುವ ಅವಶೇಷಗಳು ವಿಮಾನಗಳಿಗೆ ಸುಳಿವು ಕೊಡುತ್ತವೆ, ಹುಷಾರು ಅಂತ ಎಚ್ಚರಿಸಿದ. ಸುಮ್ನೆ ಕೊಟ್ಟ ಸಲಹೆಯಲ್ಲ ಅದು, ಸತ್ತವರ ಲೆಕ್ಕ ನೋಡಿ ಹೇಳಿದ್ದು. ಎಕ್‌ನ ತಲೆಯಲ್ಲಿ ಅದು ಭದ್ರವಾಗಿ ಕೂತಿತು.

1944ರ ಜನವರಿ 18ರಂದು ಯು-852 ಕೀಲ್ ಬಂದರು ಬಿಟ್ಟಿತು. ಕಮಾಂಡರ್ ಆಗಿ ಎಕ್‌ಗೆ ಅದು ಮೊದಲ ಯುದ್ಧಯಾತ್ರೆ. ಕೊನೆಯದೂ ಅದೇ.

ಮಾರ್ಚ್ 13ರ ರಾತ್ರಿ

ಎರಡು ತಿಂಗಳಲ್ಲಿ ಅವನ ಕಣ್ಣಿಗೆ ಬಿದ್ದ ಮೊದಲ ಹಡಗು ಪೆಲಿಯಸ್. ಗ್ರೀಕರ ಹಡಗು, ಬ್ರಿಟಿಷ್ ಸರ್ಕಾರ ಬಾಡಿಗೆಗೆ ತೆಗೆದುಕೊಂಡಿತ್ತು. ಪಶ್ಚಿಮ ಆಫ್ರಿಕಾದ ಫ್ರೀಟೌನ್‌ನಿಂದ ದಕ್ಷಿಣ ಅಮೆರಿಕಕ್ಕೆ ಖಾಲಿ ಹೋಗುತ್ತಿತ್ತು. ಹಡಗಿನಲ್ಲಿ 35 ಜನ. ಗ್ರೀಕರು, ಬ್ರಿಟಿಷರು, ಚೀನೀಯರು, ಈಜಿಪ್ಟಿನವರು, ಏಡನ್‌ನವರು, ಹೀಗೆ ನಾನಾ ದೇಶದವರು.

ಮಾರ್ಚ್ 13ರ ಸಂಜೆ ಎರಡು ಟಾರ್ಪೆಡೊ ತಗುಲಿದವು. ಕೆಲವೇ ನಿಮಿಷದಲ್ಲಿ ಹಡಗು ತಳ ಸೇರಿತು. ಇಲ್ಲಿಯವರೆಗೆ ಎಕ್ ಮಾಡಿದ್ದರ ಬಗ್ಗೆ, ಯುದ್ಧ ಮುಗಿದ ಮೇಲೆ ಅವನ ವಿಚಾರಣೆ ನಡೆಸಿದ ಹ್ಯಾಂಬರ್ಗ್ ಕೋರ್ಟಿನಲ್ಲಿ ಕೇಸೇ ಇರಲಿಲ್ಲ. ಹಡಗು ಮುಳುಗಿಸಿದ್ದಕ್ಕೆ ಅವನ ಮೇಲೆ ಯಾರೂ ಆರೋಪ ಹೊರಿಸಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನೀರಿಗೆ ಬಿದ್ದವರಲ್ಲಿ ಹಲವರು ಮರದ ತೆಪ್ಪಗಳನ್ನೂ ತೇಲುವ ಹಲಗೆಗಳನ್ನೂ ಹಿಡಿದುಕೊಂಡರು. ಸಬ್‌ಮರೀನ್ ಹತ್ತಿರ ಬಂತು. ಪೆಲಿಯಸ್‌ನ ಮೂರನೇ ಅಧಿಕಾರಿಯನ್ನೂ ಒಬ್ಬ ಬಾಯ್ಲರ್ ಕೆಲಸಗಾರನನ್ನೂ ಹತ್ತಿಸಿಕೊಂಡು ಹಡಗಿನ ಹೆಸರು, ಎಲ್ಲಿಂದ ಎಲ್ಲಿಗೆ ಎಂಬ ವಿವರ ಕೇಳಿದರು. ಆಮೇಲೆ ಇಬ್ಬರನ್ನೂ ತೆಪ್ಪಕ್ಕೆ ವಾಪಸ್ ಬಿಟ್ಟರು. ಯು-852 ಸ್ವಲ್ಪ ದೂರ ಸರಿಯಿತು.

ಆಮೇಲೆ ತಿರುಗಿ ಬಂತು. ಎಕ್ ಮೆಷಿನ್ ಗನ್‌ಗಳನ್ನು ಮೇಲೆ ತರಿಸಿದ. ತೆಪ್ಪಗಳನ್ನು ಮುಳುಗಿಸಬೇಕು, ಸುಳಿವೇ ಉಳಿಯಬಾರದು ಅಂದ. ಮುಖ್ಯ ಎಂಜಿನಿಯರ್ ಹಾನ್ಸ್ ಲೆಂಟ್ಸ್ ನೇರವಾಗಿ, ನನಗೆ ಇದು ಒಪ್ಪಿಗೆಯಿಲ್ಲ ಅಂದ. ಎಕ್ ಕೇಳಲಿಲ್ಲ. ಗುಂಡಿನ ಸುರಿಮಳೆ ಶುರುವಾಯಿತು. ಮರದ ತೆಪ್ಪ ಗುಂಡು ತಗುಲಿದರೆ ಮುಳುಗುತ್ತದೆಯೇ? ಮುಳುಗಲಿಲ್ಲ. ಗ್ರೆನೇಡ್ ಎಸೆದರು. ಸರ್ಚ್‌ಲೈಟ್ ಹಾಕಿ ಹುಡುಕಿದರು. ಮತ್ತೆ ಗುಂಡು. ಸುಮಾರು ಐದು ಗಂಟೆ ಇದೇ ನಡೆಯಿತು. ತೆಪ್ಪಗಳ ಮೇಲೆ ಮನುಷ್ಯರಿದ್ದರು.

ಗನ್ ಹಿಡಿದವರಲ್ಲಿ ಒಬ್ಬ ಅಧಿಕಾರಿ ಆಗಸ್ಟ್ ಹಾಫ್‌ಮನ್. ಒಬ್ಬ ಸಾಮಾನ್ಯ ನಾವಿಕ ವೋಲ್ಫ್‌ಗಾಂಗ್ ಶ್ವೆಂಡರ್. ಇನ್ನೊಬ್ಬ ವಾಲ್ಟರ್ ವೈಸ್‌ಫೆನಿಗ್, ಸಬ್‌ಮರೀನ್‌ನ ಡಾಕ್ಟರ್. ಡಾಕ್ಟರ್ ಆಯುಧ ಹಿಡಿಯುವುದಕ್ಕೆ ಯುದ್ಧದ ನಿಯಮದಲ್ಲಿ ತನ್ನನ್ನೋ ರೋಗಿಯನ್ನೋ ಕಾಪಾಡಿಕೊಳ್ಳುವಷ್ಟಕ್ಕೆ ಮಾತ್ರ ಅವಕಾಶ. ಇನ್ನೂ ವಿಚಿತ್ರ ಅಂದರೆ, ಮೊದಲು ವಿರೋಧಿಸಿದ್ದ ಲೆಂಟ್ಸ್ ಕೂಡ ಆಮೇಲೆ ಮೇಲೆ ಬಂದು ಶ್ವೆಂಡರ್ ಕೈಯಿಂದ ಗನ್ ಕಿತ್ತುಕೊಂಡು ತಾನೇ ಹಾರಿಸಿದ. ಯಾಕೆ ಅಂತ ಕೋರ್ಟಿನಲ್ಲಿ ಕೇಳಿದಾಗ ಅವನು ಕೊಟ್ಟ ವಿವರಣೆ: ಶ್ವೆಂಡರ್ ಯೋಗ್ಯ ಮನುಷ್ಯ ಅಲ್ಲ, ಇಂಥ ಕೆಲಸ ಅವನ ಕೈಯಲ್ಲಿ ಆಗಬಾರದು ಅನ್ನಿಸಿತು. ಮನಸ್ಸು ಒಪ್ಪದ ಕೆಲಸವನ್ನು ಮನುಷ್ಯ ತನಗೆ ತಾನೇ ಹೇಗೆ ಒಪ್ಪಿಸಿಕೊಳ್ಳುತ್ತಾನೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಸಬ್‌ಮರೀನ್ ಒಳಗೆ ಎಲ್ಲರ ಮುಖ ಬಾಡಿತ್ತು. ಅದು ಎಕ್‌ಗೂ ಗೊತ್ತಾಯಿತು. ಧ್ವನಿವರ್ಧಕದಲ್ಲಿ ಸಿಬ್ಬಂದಿಗೆ ಮಾತನಾಡಿದ. ತನಗೂ ಇದು ಭಾರವಾದ ನಿರ್ಧಾರ, ಆದರೆ ಜಾಸ್ತಿ ಕನಿಕರ ಪಟ್ಟರೆ ಊರಿನಲ್ಲಿ ಬಾಂಬಿಗೆ ಸಾಯುತ್ತಿರುವ ನಮ್ಮ ಹೆಂಡತಿ ಮಕ್ಕಳನ್ನು ನೆನೆಸಿಕೊಳ್ಳಿ ಅನ್ನುವ ಅರ್ಥದ ಮಾತು. ಈ ಮಾತು ಎಲ್ಲಿಂದ ಬಂತು ಅನ್ನುವುದನ್ನು ಮುಂದೆ ನೋಡೋಣ.

35 ಜನರಲ್ಲಿ ಕೊನೆಗೆ ಬದುಕಿದವರು ಮೂರೇ ಮಂದಿ. ತೆಪ್ಪಕ್ಕೆ ವಾಪಸ್ ಬಿಟ್ಟಿದ್ದ ಮೂರನೇ ಅಧಿಕಾರಿ ಗಾಯದಿಂದ ನರಳಿ ವಾರಗಳ ನಂತರ ಸಮುದ್ರದಲ್ಲೇ ಸತ್ತ. ಉಳಿದ ಮೂವರು ಒಂದು ತಿಂಗಳಿಗೂ ಹೆಚ್ಚು ಕಾಲ ತೇಲುತ್ತಿದ್ದರು. ಪೋರ್ಚುಗಲ್‌ನ ಒಂದು ಹಡಗು ಅವರನ್ನು ಎತ್ತಿಕೊಂಡು ಅಂಗೋಲಾದ ಲೊಬಿಟೊ ಬಂದರಿಗೆ ಮುಟ್ಟಿಸಿತು. ಸುಳಿವೇ ಇರಬಾರದು ಅಂತ ಐದು ಗಂಟೆ ಗುಂಡು ಸುರಿಸಿದರೂ ಸಾಕ್ಷಿಗಳು ಉಳಿದೇ ಉಳಿದರು.

ಸುಟ್ಟುಹಾಕದ ದಾಖಲೆ

ಯು-852 ದಕ್ಷಿಣಕ್ಕೆ ಹೋಯಿತು. ಏಪ್ರಿಲ್ 1ರಂದು ಕೇಪ್‌ಟೌನ್ ಕಡೆ ಡಹೋಮಿಯನ್ ಎಂಬ ಬ್ರಿಟಿಷ್ ಹಡಗನ್ನು ಮುಳುಗಿಸಿತು. ಆಫ್ರಿಕಾ ಸುತ್ತಿ ಹಿಂದೂ ಮಹಾಸಾಗರಕ್ಕೆ ಬಂತು. ಮೇ 2ರಂದು ಸೊಮಾಲಿಯಾ ಕರಾವಳಿಯ ಹತ್ತಿರ ಏಡನ್‌ನಿಂದ ಹಾರಿದ ಬ್ರಿಟಿಷ್ ವೆಲಿಂಗ್ಟನ್ ವಿಮಾನಗಳು ಅದನ್ನು ಹಿಡಿದವು. ಮುಳುಗಲಾಗದಷ್ಟು ಪೆಟ್ಟು ಬಿತ್ತು. ಸಬ್‌ಮರೀನ್ ಕೊನೆಗೆ ದಡಕ್ಕೆ ಬಂದು ಕಚ್ಚಿಕೊಂಡಿತು. ಏಳು ಜನ ಸತ್ತರು. ಎಕ್ ಮತ್ತು ಉಳಿದವರು ಸೆರೆ ಸಿಕ್ಕರು.

ಅದನ್ನು ಪೂರ್ತಿ ಸ್ಫೋಟಿಸುವ ಪ್ರಯತ್ನ ಕೆಟ್ಟಿತು. ಹಾಗಾಗಿ ಬ್ರಿಟಿಷರಿಗೆ ಎರಡು ಅಮೂಲ್ಯ ವಸ್ತು ಸಿಕ್ಕವು. ಒಂದು, ಫೋಕ್ ಆಖ್‌ಗೆಲಿಸ್ 330. ಸಬ್‌ಮರೀನ್ ಹಿಂದೆ ಹಗ್ಗಕ್ಕೆ ಕಟ್ಟಿ ಗಾಳಿಪಟದ ಹಾಗೆ ಹಾರಿಸಿ, ಅದರಲ್ಲಿ ಒಬ್ಬನನ್ನು ಕೂರಿಸಿ ದೂರದ ಹಡಗು ಹುಡುಕುವ ಎಂಜಿನ್ ಇಲ್ಲದ ಸಣ್ಣ ಹೆಲಿಕಾಪ್ಟರ್. ಇನ್ನೊಂದು, ಯುದ್ಧದ ದಿನಚರಿ. ಮಾರ್ಚ್ 13ರಂದು ಯು-852 ಎಲ್ಲಿತ್ತು, ಏನನ್ನು ಮುಳುಗಿಸಿತು ಅಂತ ಅದರಲ್ಲಿತ್ತು. ಲೊಬಿಟೊದಲ್ಲಿ ಇಳಿದ ಮೂವರ ಹೇಳಿಕೆಗೆ ಅದು ತಾಳೆ ಹೊಂದಿತು. ತೆಪ್ಪಗಳನ್ನು ನಾಶ ಮಾಡಲು ಅಷ್ಟು ಹೊತ್ತು ಕೊಟ್ಟ ಮನುಷ್ಯ ಈ ಕಾಗದಗಳನ್ನು ನಾಶ ಮಾಡಿರಲಿಲ್ಲ.

ಹ್ಯಾಂಬರ್ಗ್‌ನ ನಾಲ್ಕು ದಿನ

1945ರ ಅಕ್ಟೋಬರ್ 17ರಿಂದ 20ರವರೆಗೆ ಹ್ಯಾಂಬರ್ಗ್‌ನಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯ ಕೂತಿತು. ಪೀಠದಲ್ಲಿ ಗ್ರೀಕ್ ಅಧಿಕಾರಿಗಳೂ ಇದ್ದರು. ಆರೋಪಿಗಳು ಐದು ಜನ: ಎಕ್, ಹಾಫ್‌ಮನ್, ವೈಸ್‌ಫೆನಿಗ್, ಲೆಂಟ್ಸ್, ಶ್ವೆಂಡರ್.

ಎಕ್‌ನ ವಾದ ಎರಡು ಹೆಜ್ಜೆಯದು. ನನ್ನ ಗುರಿ ತೆಪ್ಪಗಳು ಮತ್ತು ಅವಶೇಷ, ಮನುಷ್ಯರಲ್ಲ. ಅವರು ಸತ್ತದ್ದು ಅದರ ಪರಿಣಾಮ ಅಷ್ಟೇ. ಇದು ಮೊದಲನೆಯದು. ತೆಪ್ಪಗಳು ವಿಮಾನಕ್ಕೆ ಕಾಣುತ್ತವೆ, ಅವುಗಳಲ್ಲಿ ಸಂಕೇತ ಕಳಿಸುವ ಸಾಧನವೂ ಇರಬಹುದು, ಹಾಗಾಗಿ ನನ್ನ ಹಡಗು ಮತ್ತು ಸಿಬ್ಬಂದಿಯ ಜೀವ ಉಳಿಸಲು ಬೇರೆ ದಾರಿ ಇರಲಿಲ್ಲ. ಇದು ಎರಡನೆಯದು. ಕೇಳಿದರೆ ಪೂರ್ತಿ ಹುಚ್ಚು ಮಾತು ಅನ್ನಿಸುವುದಿಲ್ಲ, ಅಲ್ವಾ? ಭಯ ನಿಜವಾದದ್ದೇ. ಅದೇ ಮಾದರಿಯ ಸಬ್‌ಮರೀನ್‌ಗಳು ಒಂದಾದ ಮೇಲೊಂದು ಹೋಗಿದ್ದೂ ನಿಜ.

ಕೋರ್ಟ್ ಈ ವಾದವನ್ನು ಅಳೆದ ರೀತಿ ಇಡೀ ಪ್ರಕರಣದ ತಿರುಳು. ಸೇನಾ ನ್ಯಾಯಾಲಯಕ್ಕೆ ಕಾನೂನು ವಿವರಿಸುವ ಜಡ್ಜ್ ಅಡ್ವೊಕೇಟ್ ಆಗಿ ಕೂತಿದ್ದವರು ಮೆಲ್‌ಫರ್ಡ್ ಸ್ಟೀವನ್‌ಸನ್. ಅವರು ಎಕ್‌ನ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಲು ಹೋಗಲಿಲ್ಲ. ಅವನು ಮಾಡಿದ್ದೇನು ಅಂತ ನೋಡಿ ಅಂದರು. ಜೀವ ಉಳಿಸಿಕೊಳ್ಳಬೇಕಾದ ಕಮಾಂಡರ್ ಏನು ಮಾಡುತ್ತಾನೆ? ರಾತ್ರಿಯ ಕತ್ತಲಿದೆ. ಪೂರ್ತಿ ವೇಗದಲ್ಲಿ ಆ ಜಾಗದಿಂದ ದೂರ ಹೋಗುತ್ತಾನೆ. ಎಕ್ ಅಲ್ಲೇ ಐದು ಗಂಟೆ ಸುತ್ತಿದ. ಮರದ ತೆಪ್ಪ ಮುಳುಗಿಸುವ ಉದ್ದೇಶ ಇದ್ದವನು ಮೆಷಿನ್ ಗನ್ ಕೆಲಸ ಮಾಡುತ್ತಿಲ್ಲ ಅಂತ ಗೊತ್ತಾದ ಮೇಲೂ ಅದನ್ನೇ ಮುಂದುವರಿಸಿದ. ಅಷ್ಟಕ್ಕೂ ಹಡಗು ಮುಳುಗಿದ ಜಾಗದಲ್ಲಿ ಎಣ್ಣೆಯ ಕಲೆ ಸಮುದ್ರದ ಮೇಲೆ ಹರಡಿರುತ್ತದೆ. ಅದನ್ನು ಯಾವ ಗನ್ ಅಳಿಸುತ್ತದೆ?

ಎಕ್ ಪರವಾಗಿ ಬಂದ ಸಾಕ್ಷಿಯೇ ಅವನಿಗೆ ಮುಳುವಾದ. ಎಚ್ಚರಿಕೆ ಕೊಟ್ಟಿದ್ದ ಅದೇ ಶ್ನೇ. ದಕ್ಷಿಣ ಅಟ್ಲಾಂಟಿಕ್‌ನ ಅಪಾಯವನ್ನು ಚೆನ್ನಾಗಿ ವಿವರಿಸಿದ. ಆಗ ಪ್ರಾಸಿಕ್ಯೂಷನ್ ಒಂದು ಪ್ರಶ್ನೆ ಕೇಳಿತು: ಎಕ್ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಶ್ನೇ ಜಾರಿಕೊಳ್ಳಲು ನೋಡಿದ. ಪ್ರಶ್ನೆ ಬಿಡಲಿಲ್ಲ. ಕೊನೆಗೆ, ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಅನ್ನುವುದನ್ನು ಅವನು ಒಪ್ಪಬೇಕಾಯಿತು.

ಎಕ್, ಹಾಫ್‌ಮನ್, ವೈಸ್‌ಫೆನಿಗ್‌ಗೆ ಮರಣದಂಡನೆ. ಲೆಂಟ್ಸ್‌ಗೆ ಜೀವಾವಧಿ. ಶ್ವೆಂಡರ್‌ಗೆ 15 ವರ್ಷ. ನವೆಂಬರ್ 30ರಂದು ಮೂವರನ್ನು ಗುಂಡಿಟ್ಟು ಕೊಂದರು. ಎಕ್‌ಗೆ ಆಗ 29 ವರ್ಷ.

ಇಲ್ಲದ ಆದೇಶ, ಇದ್ದ ಗಾಳಿ

ಬ್ರಿಟಿಷರಿಗೆ ಇನ್ನೊಂದು ಆಸೆ ಇತ್ತು. ಇದು ಮೇಲಿಂದ ಬಂದ ಆದೇಶ, ನೌಕಾಪಡೆಯ ಮುಖ್ಯಸ್ಥ ಕಾರ್ಲ್ ಡೋನಿಟ್ಸ್ ಹೇಳಿದ್ದು ಅಂತ ಎಕ್ ಬಾಯಿಬಿಟ್ಟರೆ, ನಾಜಿ ನಾಯಕರ ವಿಚಾರಣೆ ನಡೆಯಲಿದ್ದ ನ್ಯೂರೆಂಬರ್ಗ್‌ನಲ್ಲಿ ಡೋನಿಟ್ಸ್ ಕೊರಳಿಗೇ ಅದು ಸುತ್ತಿಕೊಳ್ಳುತ್ತಿತ್ತು. ಎಕ್ ಹಾಗೆ ಹೇಳಲಿಲ್ಲ. ನಿರ್ಧಾರ ನನ್ನದೇ ಅಂದ.

ಆದರೆ ಒಂದು ಆದೇಶವಂತೂ ಇತ್ತು. 1942ರ ಸೆಪ್ಟೆಂಬರ್ 12ರಂದು ಯು-156ರ ಕಮಾಂಡರ್ ವೆರ್ನರ್ ಹಾರ್ಟೆನ್‌ಸ್ಟೈನ್ ಲ್ಯಾಕೋನಿಯಾ ಎಂಬ ಬ್ರಿಟಿಷ್ ಹಡಗನ್ನು ಮುಳುಗಿಸಿದ. ಅದರಲ್ಲಿ ಸುಮಾರು 1,800 ಇಟಾಲಿಯನ್ ಯುದ್ಧ ಕೈದಿಗಳಿದ್ದರು. ಇಟಲಿ ಆಗ ಜರ್ಮನಿಯ ಜೊತೆಗಾರ. ನೀರಿನಲ್ಲಿದ್ದವರನ್ನು ಹಾರ್ಟೆನ್‌ಸ್ಟೈನ್ ಎತ್ತಿಕೊಳ್ಳಲು ಶುರು ಮಾಡಿದ, ಶತ್ರುಗಳನ್ನೂ ಸೇರಿಸಿ. ನೂರಾರು ಜನರನ್ನು ಹತ್ತಿಸಿಕೊಂಡ, ದೋಣಿಗಳನ್ನು ಹಗ್ಗ ಕಟ್ಟಿ ಎಳೆದ, ರೆಡ್ ಕ್ರಾಸ್ ಬಾವುಟ ಹರವಿದ. ಸೆಪ್ಟೆಂಬರ್ 16ರಂದು ಅಮೆರಿಕದ ಬಾಂಬರ್ ವಿಮಾನ ಬಂದು ಆ ಸಬ್‌ಮರೀನ್ ಮೇಲೇ ಬಾಂಬ್ ಹಾಕಿತು. ಮರುದಿನ ಡೋನಿಟ್ಸ್ ಆದೇಶ ಹೊರಟಿತು: ಇನ್ನು ಮುಂದೆ ಯಾರನ್ನೂ ಕಾಪಾಡಬೇಡಿ, ಕಠಿಣವಾಗಿರಿ, ಜರ್ಮನ್ ಊರುಗಳ ಮೇಲೆ ಬಾಂಬ್ ಹಾಕುವಾಗ ಶತ್ರು ಹೆಂಗಸರು ಮಕ್ಕಳನ್ನು ನೋಡುವುದಿಲ್ಲ ಅನ್ನುವುದನ್ನು ಮರೆಯಬೇಡಿ.

ಎಕ್ ಧ್ವನಿವರ್ಧಕದಲ್ಲಿ ಹೇಳಿದ ಮಾತಿನ ಮೂಲ ಇಲ್ಲಿ ಕಾಣುತ್ತದೆ. ಆದೇಶದಲ್ಲಿ 'ಕೊಲ್ಲಿ' ಅಂತ ಎಲ್ಲೂ ಇಲ್ಲ. 'ಕಾಪಾಡಬೇಡಿ' ಅಂತಷ್ಟೇ ಇದೆ. ಎರಡರ ನಡುವಿನ ಅಂತರ ದೊಡ್ಡದು. ಆದರೆ ಭಯದಲ್ಲಿರುವ, ಅನುಭವ ಇಲ್ಲದ ಕಮಾಂಡರ್ ಆ ಅಂತರವನ್ನು ಒಂದು ರಾತ್ರಿಯಲ್ಲಿ ದಾಟಬಹುದು. ನ್ಯೂರೆಂಬರ್ಗ್ ನ್ಯಾಯಮಂಡಳಿಗೂ ಇದೇ ತಲೆನೋವು. ನೀರಿನಲ್ಲಿದ್ದವರನ್ನು ಕೊಲ್ಲಲು ಡೋನಿಟ್ಸ್ ಉದ್ದೇಶಪೂರ್ವಕವಾಗಿ ಹೇಳಿದ್ದು ಖಚಿತವಾಗಿ ಸಾಬೀತಾಗಿಲ್ಲ, ಆದರೆ ಆದೇಶ ಅಸ್ಪಷ್ಟವಾಗಿತ್ತು, ಅದಕ್ಕೆ ಕಟುವಾದ ಖಂಡನೆ ಸಲ್ಲುತ್ತದೆ ಅಂತ ಬರೆಯಿತು. ಡೋನಿಟ್ಸ್ 10 ವರ್ಷ ಜೈಲಿನಲ್ಲಿದ್ದು ಹೊರಗೆ ಬಂದ. ಅಸ್ಪಷ್ಟ ಮಾತು ಆಡಿದವನು ಬದುಕಿದ, ಅದನ್ನು ಕೈಯಾರೆ ಮಾಡಿದವನು ಸತ್ತ.

ಗನ್ ಹಿಡಿದವನ ಪಾಡು

ಉಳಿದ ನಾಲ್ವರ ವಾದ ಸರಳ. ಕಮಾಂಡರ್ ಹೇಳಿದ, ನಾವು ಮಾಡಿದೆವು. ಯುದ್ಧದ ಮಧ್ಯೆ ಸಬ್‌ಮರೀನ್ ಒಳಗೆ ಇಲ್ಲ ಅನ್ನುವುದು ಸುಲಭವೇ?

ಇದಕ್ಕೆ ಜಡ್ಜ್ ಅಡ್ವೊಕೇಟ್ ಕೊಟ್ಟ ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ. ನಾವಿಕ ಕಾನೂನು ಪುಸ್ತಕ ಬಗಲಲ್ಲಿಟ್ಟುಕೊಂಡು ತಿರುಗಬೇಕು ಅಂತ ಯಾರೂ ನಿರೀಕ್ಷಿಸುವುದಿಲ್ಲ. ಅನುಮಾನದ ಪ್ರಸಂಗದಲ್ಲಿ ಅವನಿಗೆ ರಿಯಾಯಿತಿ ಇದೆ. ಆದರೆ ಎಂಥ ಅಲ್ಪ ಬುದ್ಧಿಯವನಿಗೂ ಇದು ತಪ್ಪು ಅಂತ ಹೊಳೆಯುವ ಆದೇಶವಾದರೆ 'ಮೇಲಿನವರು ಹೇಳಿದರು' ಅನ್ನುವುದು ರಕ್ಷಣೆಯಲ್ಲ.

ಈ ಸೂತ್ರ ಬ್ರಿಟಿಷರು ಹೊಸದಾಗಿ ಹುಟ್ಟಿಸಿದ್ದಲ್ಲ. ಜರ್ಮನ್ ಕೋರ್ಟೇ ಹೇಳಿದ್ದು. 1918ರಲ್ಲಿ ಲ್ಯಾಂಡವರಿ ಕ್ಯಾಸಲ್ ಎಂಬ ಕೆನಡಾದ ಆಸ್ಪತ್ರೆ ಹಡಗನ್ನು ಯು-86 ಮುಳುಗಿಸಿ, ತಪ್ಪಿಸಿಕೊಂಡ ದೋಣಿಗಳ ಮೇಲೂ ಗುಂಡು ಹಾರಿಸಿತ್ತು. 1921ರಲ್ಲಿ ಲೈಪ್‌ಜಿಗ್‌ನ ಜರ್ಮನ್ ಸುಪ್ರೀಂ ಕೋರ್ಟ್ ಇಬ್ಬರು ಕಿರಿಯ ಅಧಿಕಾರಿಗಳಿಗೆ ತಲಾ ನಾಲ್ಕು ವರ್ಷ ಶಿಕ್ಷೆ ಕೊಟ್ಟಿತು. ನಿಸ್ಸಹಾಯಕರನ್ನು ಕೊಲ್ಲಬಾರದು ಅನ್ನುವುದು ಎಲ್ಲರಿಗೂ ಗೊತ್ತಿರುವ ನಿಯಮ, ಆದೇಶದ ನೆಪ ನಡೆಯದು ಅಂದಿತು. ತೀರ್ಪು ಚೆನ್ನಾಗಿತ್ತು, ಜಾರಿಯಾಗಲಿಲ್ಲ. ಇಬ್ಬರೂ ಜೈಲಿನಿಂದ ತಪ್ಪಿಸಿಕೊಂಡರು. ಆದೇಶ ಕೊಟ್ಟ ಕಮಾಂಡರ್ ಹೆಲ್ಮುಟ್ ಪಾಟ್ಸಿಗ್ ಕೋರ್ಟಿಗೆ ಸಿಗಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಮತ್ತೆ ನೌಕಾಪಡೆಯ ಕೆಲಸಕ್ಕೆ ಬಂದ.

ಗೆದ್ದವರ ನ್ಯಾಯ ಅನ್ನುವ ತಕರಾರು

ಎಕ್ ಶಿಕ್ಷೆಯನ್ನು ಪ್ರಶ್ನಿಸುವವರು ಒಂದು ಗಟ್ಟಿ ಮಾತು ಹೇಳುತ್ತಾರೆ. ಇದನ್ನು ಇನ್ನೊಂದು ಕಡೆಯವರೂ ಮಾಡಲಿಲ್ಲವೇ?

ಮಾಡಿದ್ದಾರೆ. ಇದರಲ್ಲಿ ನಮ್ಮವರ ರಕ್ತವೂ ಇದೆ. 1943ರ ಜನವರಿ 26ರಂದು ಅಮೆರಿಕದ ವಾಹೂ ಸಬ್‌ಮರೀನ್ ನ್ಯೂಗಿನಿಯ ಉತ್ತರಕ್ಕೆ ಬುಯೊ ಮಾರು ಎಂಬ ಜಪಾನಿ ಹಡಗನ್ನು ಮುಳುಗಿಸಿತು. ಕಮಾಂಡರ್ ಡಡ್ಲಿ ಮಾರ್ಟನ್ ದೋಣಿಗಳ ಮೇಲೂ ನೀರಿನಲ್ಲಿದ್ದವರ ಮೇಲೂ ಗುಂಡು ಹಾರಿಸಿದ. ಅಲ್ಲಿಂದ ನಮ್ಮ ಮೇಲೆ ಗುಂಡು ಬಂತು ಅನ್ನುವುದು ಅವನ ಸಮರ್ಥನೆ. ಆದರೆ ಆ ಹಡಗಿನಲ್ಲಿ ಜಪಾನಿ ಸೈನಿಕರ ಜೊತೆ 491 ಭಾರತೀಯ ಯುದ್ಧ ಕೈದಿಗಳಿದ್ದರು. ಪಂಜಾಬ್ ರೆಜಿಮೆಂಟಿನವರು, ಬ್ರಿಟಿಷರ ಪರ ಹೋರಾಡಿ ಸೆರೆ ಸಿಕ್ಕಿದ್ದವರು. ಸತ್ತವರಲ್ಲಿ 195 ಜನ ಭಾರತೀಯರು. ಜಪಾನಿಯರಿಗಿಂತ ಜಾಸ್ತಿ. ಮಾರ್ಟನ್‌ಗೆ ಆ ಯಾತ್ರೆಗಾಗಿ ಪದಕ ಸಿಕ್ಕಿತು. ಬ್ರಿಟನ್ನಿನ ಟಾರ್ಬೆ ಸಬ್‌ಮರೀನ್‌ನ ಆಂಥನಿ ಮಯರ್ಸ್ ಮೇಲೂ ಇಂಥದೇ ದೂರು ಇದೆ. 1941ರಲ್ಲಿ ಕ್ರೀಟ್ ಹತ್ತಿರ ತೆಪ್ಪದಲ್ಲಿದ್ದ ಜರ್ಮನ್ ಸೈನಿಕರನ್ನು ಕೊಲ್ಲಿಸಿದ್ದು. ಮುಂದೆ ಬೇರೊಂದು ಸಾಹಸಕ್ಕೆ ಅವನಿಗೆ ವಿಕ್ಟೋರಿಯಾ ಕ್ರಾಸ್ ಬಂತು, ಅಡ್ಮಿರಲ್ ಆಗಿ ನಿವೃತ್ತನಾದ.

ಇದರಿಂದ ಎಕ್ ನಿರ್ದೋಷಿ ಆಗುವುದಿಲ್ಲ. ಇನ್ನೂ ಇಬ್ಬರು ಕಟಕಟೆಯಲ್ಲಿ ನಿಲ್ಲಬೇಕಿತ್ತು ಅನ್ನುವುದಷ್ಟೇ ಇದರ ಅರ್ಥ. ಆದರೆ ಒಂದು ಪರಿಣಾಮ ಆಗಿದೆ. ಕಾನೂನು ಸೋತವರ ಮೇಲೆ ಮಾತ್ರ ಬೀಳುತ್ತದೆ ಅನ್ನುವ ನಂಬಿಕೆ ಸೇನೆಗಳಲ್ಲಿ ಉಳಿದುಕೊಂಡಿತು. ಈಗಿನ ಜಗಳದಲ್ಲೂ ಅದು ಕೆಲಸ ಮಾಡುತ್ತಿದೆ.

ಕೆರಿಬಿಯನ್‌ಗೆ ಹೋಲಿಸಿದರೆ

ಎರಡನೇ ದಾಳಿಗೆ ಆದೇಶ ಕೊಟ್ಟದ್ದು ಅಡ್ಮಿರಲ್ ಫ್ರಾಂಕ್ ಬ್ರಾಡ್ಲಿ, ಅದು ಅವರ ಅಧಿಕಾರದ ಒಳಗೇ ಇತ್ತು ಅಂತ ಶ್ವೇತಭವನ ಹೇಳಿತು. ರಕ್ಷಣಾ ವಿಭಾಗದ ಮುಖ್ಯಸ್ಥ ಪೀಟ್ ಹೆಗ್‌ಸೆತ್, ಬದುಕಿದವರನ್ನು ತಾನು ನೋಡಿಲ್ಲ ಅಂದರು. ಸಂಸದರಿಗೆ ಗುಟ್ಟಾಗಿ ವಿಡಿಯೊ ತೋರಿಸಿದ ಮೇಲೆ ರಿಪಬ್ಲಿಕನ್ ಸೆನೆಟರ್ ಟಾಮ್ ಕಾಟನ್ ಕೊಟ್ಟ ವಿವರಣೆ: ಆ ಇಬ್ಬರು ಡ್ರಗ್ಸ್ ತುಂಬಿದ ದೋಣಿಯನ್ನು ಸರಿಮಾಡಿಕೊಂಡು ಮುಂದುವರಿಯಲು ನೋಡುತ್ತಿದ್ದರು. ಅಂದರೆ ಗುರಿ ದೋಣಿ ಮತ್ತು ಸರಕು. ಅದೇ ವಿಡಿಯೊ ನೋಡಿದ ಡೆಮಾಕ್ರಟ್ ಜಿಮ್ ಹೈಮ್ಸ್, ತಮ್ಮ ಸಾರ್ವಜನಿಕ ಬದುಕಿನಲ್ಲಿ ಕಂಡ ಅತಿ ಕಳವಳಕಾರಿ ದೃಶ್ಯಗಳಲ್ಲಿ ಇದೂ ಒಂದು ಅಂದರು.

'ಗುರಿ ವಸ್ತು, ಮನುಷ್ಯರಲ್ಲ' ಅನ್ನುವುದು ಎಕ್‌ನ ಮೊದಲ ಹೆಜ್ಜೆ. ಇಲ್ಲಿ ಅದು ಹಾಗೇ ಇದೆ. 'ಇಲ್ಲದಿದ್ದರೆ ನಾವು ಸಾಯುತ್ತಿದ್ದೆವು' ಅನ್ನುವುದು ಅವನ ಎರಡನೇ ಹೆಜ್ಜೆ. ಇಲ್ಲಿ ಅದು ಇಲ್ಲವೇ ಇಲ್ಲ. ಆಕಾಶದಿಂದ ಹೊಡೆದವರಿಗೆ ನೀರಿನಲ್ಲಿದ್ದ ಇಬ್ಬರಿಂದ ಯಾವ ಅಪಾಯವೂ ಇರಲಿಲ್ಲ. ಈ ಲೆಕ್ಕದಲ್ಲಿ ಅಮೆರಿಕದ ವಾದ ಎಕ್‌ನದಕ್ಕಿಂತಲೂ ತೆಳು. ಹ್ಯಾಂಬರ್ಗ್‌ನ ಅಳತೆಗೋಲು ಹಿಡಿದರೆ ಕೇಳಬೇಕಾದ ಪ್ರಶ್ನೆಗಳೂ ಹೊಳೆಯುತ್ತವೆ. ಎರಡು ಹೊಡೆತಗಳ ನಡುವೆ ಎಷ್ಟು ಹೊತ್ತಿತ್ತು? ಇವರನ್ನು ಎತ್ತಿಕೊಳ್ಳಲು ಆಗುತ್ತಿತ್ತೇ? ಆಗುತ್ತಿತ್ತು ಅನ್ನುವುದಕ್ಕೆ ಅದೇ ಅಮೆರಿಕದ ಉದಾಹರಣೆಯಿದೆ. ಅಕ್ಟೋಬರ್ 16ರ ಇನ್ನೊಂದು ದಾಳಿಯಲ್ಲಿ ಬದುಕಿದ ಇಬ್ಬರನ್ನು ನೌಕಾಪಡೆಯೇ ಎತ್ತಿಕೊಂಡು ಕೊಲಂಬಿಯಾ ಮತ್ತು ಈಕ್ವೆಡಾರ್‌ಗೆ ಕಳಿಸಿಕೊಟ್ಟಿತು.

ಹೋಲಿಕೆ ಕೈಕೊಡುವ ಜಾಗವೂ ಇದೆ. ಎಕ್ ನಿಜವಾದ ಯುದ್ಧದಲ್ಲಿದ್ದ. ಪೆಲಿಯಸ್ ಮುಳುಗಿಸಿದ್ದಕ್ಕೆ ಕೇಸ್ ಇರಲಿಲ್ಲ ಅಂತ ಆಗಲೇ ನೋಡಿದೆವು. ಕೆರಿಬಿಯನ್‌ನಲ್ಲಿ ಯುದ್ಧವೇ ಇದೆಯೇ ಅನ್ನುವುದು ಮೊದಲ ಪ್ರಶ್ನೆ. ಡ್ರಗ್ಸ್ ಗುಂಪುಗಳ ಜೊತೆ ಸಶಸ್ತ್ರ ಸಂಘರ್ಷ ನಡೆದಿದೆ ಅನ್ನುವುದು ಟ್ರಂಪ್ ಸರ್ಕಾರದ ನಿಲುವು. ಹೆಚ್ಚಿನ ಕಾನೂನು ಪಂಡಿತರು ಅದನ್ನು ಒಪ್ಪುವುದಿಲ್ಲ. ಡ್ರಗ್ಸ್ ಸಾಗಿಸುವುದು ಅಪರಾಧ, ಅದಕ್ಕೆ ಬಂಧನ ಮತ್ತು ವಿಚಾರಣೆ, ಕ್ಷಿಪಣಿ ಅಲ್ಲ ಅನ್ನುತ್ತಾರೆ. ಯುದ್ಧ ಇಲ್ಲ ಅಂದರೆ ಎರಡನೇ ದಾಳಿ ಮಾತ್ರವಲ್ಲ, ಮೊದಲನೆಯದೂ ಬರೀ ಕೊಲೆ. ಹಾಗಾಗಿ ಕೆಲವರಿಗೆ ಎಕ್ ಹೆಸರು ತರುವುದೇ ಇಷ್ಟವಿಲ್ಲ. ಎರಡನೇ ಹೊಡೆತದ ಬಗ್ಗೆಯೇ ಮಾತಾಡುತ್ತಾ ಹೋದರೆ ಮೊದಲನೆಯದು ಸರಿ ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅನ್ನುವುದು ಅವರ ಆತಂಕ. ತೂಕದ ಮಾತು ಇದು. ಆದರೂ ಎಕ್ ಪ್ರಕರಣದ ಉಪಯೋಗ ಬೇರೆ. ಸರ್ಕಾರದ 'ಇದು ಯುದ್ಧ' ಅನ್ನುವ ಮಾತನ್ನು ಪೂರ್ತಿ ಒಪ್ಪಿಕೊಂಡರೂ ಎರಡನೇ ಹೊಡೆತ ದಕ್ಕುವುದಿಲ್ಲ. 1949ರ ಎರಡನೇ ಜಿನೀವಾ ಒಪ್ಪಂದ ನೀರುಪಾಲಾದವರಿಗೆ ರಕ್ಷಣೆ ಕೊಡುತ್ತದೆ. ಅಮೆರಿಕದ ಸೇನೆಯ ಸ್ವಂತ ಯುದ್ಧ ಕಾನೂನಿನ ಕೈಪಿಡಿ, ಅಂಥವರ ಮೇಲೆ ಗುಂಡು ಹಾರಿಸುವ ಆದೇಶವನ್ನು ಸ್ಪಷ್ಟವಾಗಿ ಕಾನೂನುಬಾಹಿರವಾದ ಆದೇಶಕ್ಕೆ ಉದಾಹರಣೆಯಾಗಿ ಕೊಟ್ಟಿದೆ. ಅದಕ್ಕೆ ಆಧಾರವಾಗಿ ಅದು ಹೆಸರಿಸುವುದು ಲ್ಯಾಂಡವರಿ ಕ್ಯಾಸಲ್ ತೀರ್ಪನ್ನೇ.

ಮುಂದೇನು?

ಅಮೆರಿಕ ಸೋತ ದೇಶವಲ್ಲ. ಹ್ಯಾಂಬರ್ಗ್‌ನಂಥ ಕೋರ್ಟ್ ಅಲ್ಲಿ ಯಾರೂ ಕೂರಿಸುವುದಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯತ್ವ ಅದಕ್ಕಿಲ್ಲ. ಉಳಿಯುವುದು ಅವರದೇ ಸೇನಾ ಕಾನೂನು. ಅದರ ಅಡಿ ಕೇಸ್ ಹಾಕುವ ಅಧಿಕಾರ ಇರುವವರು ಇದೇ ಸರ್ಕಾರದ ಕೆಳಗಿದ್ದಾರೆ. ಮೇಲಾಗಿ ಅಧ್ಯಕ್ಷರಿಗೆ ಕ್ಷಮಾದಾನದ ಅಧಿಕಾರವಿದೆ. ಹತ್ತಿರದಲ್ಲಿ ಯಾರಿಗಾದರೂ ಶಿಕ್ಷೆ ಆಗುವ ಸಾಧ್ಯತೆ ತುಂಬಾ ಕಡಿಮೆ.

ಪರಿಣಾಮ ಕೆಳಗಿನ ಹಂತದಲ್ಲಿ ಆಗುತ್ತದೆ. ನವೆಂಬರ್‌ನಲ್ಲೇ ಸೇನೆ ಮತ್ತು ಗುಪ್ತಚರ ಹಿನ್ನೆಲೆಯ ಆರು ಡೆಮಾಕ್ರಟ್ ಸಂಸದರು, ಕಾನೂನುಬಾಹಿರ ಆದೇಶವನ್ನು ನಿರಾಕರಿಸಬಹುದು ಅಂತ ಸೈನಿಕರಿಗೆ ವಿಡಿಯೊ ಸಂದೇಶ ಕೊಟ್ಟರು. ಟ್ರಂಪ್ ಅದನ್ನು ದೇಶದ್ರೋಹದ ನಡವಳಿಕೆ ಅಂತ ಕರೆದರು. ಡ್ರೋನ್ ನಡೆಸುವ ಕಿರಿಯ ಅಧಿಕಾರಿ ಈ ಎರಡರ ಮಧ್ಯೆ ಸಿಕ್ಕಿಕೊಂಡಿದ್ದಾನೆ. ಅವನ ಕೈಪಿಡಿ ಒಂದು ಹೇಳುತ್ತದೆ, ಮೇಲಿನವರ ಮಾತು ಇನ್ನೊಂದು. ಲೆಂಟ್ಸ್ ಆ ರಾತ್ರಿ ಇದ್ದದ್ದು ಇದೇ ಜಾಗದಲ್ಲಿ. ವಿರೋಧ ಹೇಳಿದ್ದೂ ಅವನೇ, ಟ್ರಿಗರ್ ಒತ್ತಿದ್ದೂ ಅವನೇ. ಶಿಕ್ಷೆ ಕಡಿಮೆಯಾಗಿ 1952ರಲ್ಲಿ ಹೊರಗೆ ಬಂದ, ಶ್ವೆಂಡರ್ ಅದಕ್ಕಿಂತ ಮೊದಲು, 1951ರಲ್ಲಿ.

ಇನ್ನು ಉಳಿದದ್ದು ದಾಖಲೆ. ಎಕ್ ಸಿಕ್ಕಿಬಿದ್ದದ್ದು ಮೂವರು ಸಾಕ್ಷಿಗಳು ಮತ್ತು ಒಂದು ದಿನಚರಿಯಿಂದ. ಕೆರಿಬಿಯನ್‌ನಲ್ಲಿ ಬದುಕಿದ ಸಾಕ್ಷಿಗಳಿಲ್ಲ. ವಿಡಿಯೊ ಮಾತ್ರ ಇದೆ. ಅದನ್ನು ಪೂರ್ತಿಯಾಗಿ ಜನರಿಗೆ ತೋರಿಸುವುದಿಲ್ಲ ಅಂತ ಹೆಗ್‌ಸೆತ್ ಡಿಸೆಂಬರ್‌ನಲ್ಲಿ ಹೇಳಿದ್ದಾರೆ. ಆದರೆ ಸಂಸದರು ಅದನ್ನು ನೋಡಿಯಾಗಿದೆ, ಅದರ ಪ್ರತಿಗಳು ಸೇನೆಯ ಕಡತದಲ್ಲಿವೆ. ಅಮೆರಿಕದ ಸೇನಾ ಕಾನೂನಿನಲ್ಲಿ ಕೊಲೆ ಆರೋಪಕ್ಕೆ ಕಾಲಮಿತಿ ಇಲ್ಲ. ಕ್ಷಮಾದಾನ ಕೊಡದೆ ಬಿಟ್ಟರೆ, ಈ ಕಡತವನ್ನು ಮುಂದಿನ ಯಾವುದೇ ಸರ್ಕಾರ ತೆರೆಯಬಹುದು.